ಮೂರಡಿ ಸಾಲಿನ ತೊಗರಿಯಲ್ಲಿ ಕಾಯಿ ಏಕೆ ತುದಿಗಷ್ಟೇ? ಅಂತರ ಮತ್ತು ಎಲೆಗೆ ಸಿಂಪಡಿಸುವ ಗೊಬ್ಬರದ ಲೆಕ್ಕ

ಪ್ರಶ್ನೆ: ಸರ್, ನಮ್ಮದು ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕು. ಆರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಮಳೆ ನಂಬಿದ ಬೇಸಾಯ. ಹೋದ ವರ್ಷ ಜೂನ್ ಕೊನೆಗೆ ಟಿಎಸ್-3ಆರ್ ತಳಿಯ ತೊಗರಿಯನ್ನು ಟ್ರ್ಯಾಕ್ಟರ್ ಕೂರಿಗೆಯಲ್ಲಿ ಮೂರಡಿ ಸಾಲಿಗೆ, ಎಕರೆಗೆ 5 ಕೆಜಿಯಂತೆ ಬಿತ್ತಿದ್ದೆ. ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆಮೇಲೆ ಹೂವಿಗೆ ಅಂತ ಮೂರು ಸಲ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಎಲೆಗೆ ಹೊಡೆದೆ. ಗಿಡ ಎದೆಮಟ್ಟ ದಾಟಿ ಕಪ್ಪಗೆ ಬೆಳೆದಿತ್ತು, ಕಾಯಿ ಮಾತ್ರ ತುದಿಗಷ್ಟೇ. ಎಕರೆಗೆ ಬಂದದ್ದು ನಾಲ್ಕೂವರೆ ಕ್ವಿಂಟಲ್. ಪಕ್ಕದ ಹೊಲದವರು ಐದಡಿ ಸಾಲು ಬಿಟ್ಟು, ಹೂವಿನ ಕಾಲಕ್ಕೆ ಎರಡೇ ಸಲ ಸಿಂಪಡಿಸಿ ಏಳು ಕ್ವಿಂಟಲ್ ತೆಗೆದರು. ಈ ಸಲ ನಾನೂ ಪೂರ್ತಿ ಐದಡಿಗೆ ಹೋಗಲೇ? ಏನು ಹೊಡೆಯಲಿ? ಡ್ರೋನ್‌ನಲ್ಲಿ ಹೊಡೆಸಬಹುದೇ? ಬೇರೆ ಎರಡು ಎಕರೆಗೆ ಹಿಂಗಾರಿಯಲ್ಲಿ ಕಡಲೆ ಹಾಕುವುದಿದೆ, ಅದಕ್ಕೂ ಇದೇ ಲೆಕ್ಕವೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮೂರಡಿಯೂ ಅಲ್ಲ, ಐದಡಿಯೂ ಅಲ್ಲ. ‘ಎಕರೆಗೆ 5 ಕೆಜಿ’ ಎಂದಿದ್ದೀರಲ್ಲ, ಆ ಮಾತು. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಬೀಜದಲ್ಲಿ ನೂರು ಕಾಳು ಎಣಿಸಿ, ಬಂಗಾರದಂಗಡಿಯ ತಕ್ಕಡಿಯಲ್ಲಿ ತೂಗಿಸಿ ನೋಡಿ. ಹತ್ತು ಹನ್ನೊಂದು ಗ್ರಾಂ ಬರುತ್ತದೆ. ಅಂದರೆ ಕೆಜಿಗೆ ಒಂಬತ್ತೂವರೆ ಸಾವಿರ ಕಾಳು ಎಂದಿಟ್ಟುಕೊಂಡರೂ 5 ಕೆಜಿಗೆ ಸುಮಾರು 47,000 ಆಯಿತು. ಒಂದು ಎಕರೆಯೆಂದರೆ 43,560 ಚದರ ಅಡಿ. ಮೂರಡಿಗೊಂದು ಸಾಲು ಹಿಡಿದರೆ ಎಲ್ಲ ಸಾಲುಗಳನ್ನೂ ಒಂದರ ಹಿಂದೊಂದು ಜೋಡಿಸಿದಾಗ 14,520 ಅಡಿ ಉದ್ದ. ಆ ಉದ್ದಕ್ಕೆ 47,000 ಕಾಳು ಬಿದ್ದಿವೆ. ನಾಲ್ಕರಲ್ಲಿ ಮೂರು ಹುಟ್ಟಿದರೂ 36,000 ಸಸಿಯ ಆಸುಪಾಸು, ಅಡಿಗೆ ಎರಡೂವರೆ. ನಿಮ್ಮ ಗಿಡಗಳ ನಡುವೆ ಐದು ಇಂಚೂ ಇರಲಿಲ್ಲ ಎಂದಾಯಿತು. ಸಾಲಿನಿಂದ ಸಾಲಿಗೆ ಮೂರಡಿ ಕೊಟ್ಟಿರಿ, ಗಿಡದಿಂದ ಗಿಡಕ್ಕೆ ಒಂದು ಅಂಗೈ ಅಗಲವನ್ನಷ್ಟೇ ಬಿಟ್ಟಿರಿ. ಶಿಫಾರಸಿನಲ್ಲಿ 90 × 30 ಸೆಂ.ಮೀ. ಎಂದಿರುತ್ತದೆ. ಅದರಲ್ಲಿ 90 ಎಲ್ಲರ ನೆನಪಿನಲ್ಲೂ ಉಳಿಯುತ್ತದೆ, 30 ಕೂರಿಗೆಯಲ್ಲೇ ಕಳೆದುಹೋಗುತ್ತದೆ.

‘ಪುಸ್ತಕದಲ್ಲೇ 4ರಿಂದ 5 ಕೆಜಿ ಅಂತ ಇದೆಯಲ್ಲ’ ಎಂದು ನೀವು ಕೇಳಬಹುದು. ಇದೆ. ಮೊಳಕೆ ಕಡಿಮೆ ಬಂದರೆ, ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ, ಇರುವೆ ಎಳೆದರೆ ಎಂಬ ಭದ್ರತೆಗೆ ಅಷ್ಟು ಹಾಕಿ, ಹದಿನೈದು ಇಪ್ಪತ್ತು ದಿನಕ್ಕೆ ಹೆಚ್ಚಾದ ಸಸಿ ಕಿತ್ತು ಅಡಿಗೊಂದು ಉಳಿಸಿ ಎಂಬುದು ಅದರ ಪೂರ್ತಿ ಮಾತು. ಕೀಳುವವರು ಯಾರು? ಆಳು ಸಿಗುವುದಿಲ್ಲ, ಸಿಕ್ಕರೂ ಹುಟ್ಟಿದ ಸಸಿಯನ್ನು ಕೈಯಾರೆ ಕೀಳಲು ರೈತನಿಗೆ ಮನಸ್ಸು ಬರುವುದಿಲ್ಲ. ಹಿಂದೆ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತಿದ್ದ ಹೆಂಗಸರ ಬೆರಳಿಗೆ ಈ ಲೆಕ್ಕ ಗೊತ್ತಿತ್ತು. ಟ್ರ್ಯಾಕ್ಟರ್ ಕೂರಿಗೆಗೆ ಗೊತ್ತಿಲ್ಲ, ನಾವೇ ಹೇಳಿಕೊಡಬೇಕು. ಬೀಜ ಬೀಳುವ ಕಿಂಡಿಯನ್ನು ಚಿಕ್ಕದು ಮಾಡಿಸಿ. ಹೊಲಕ್ಕಿಳಿಯುವ ಮುಂಚೆ ಗಟ್ಟಿ ನೆಲದ ಮೇಲೆ ಹತ್ತು ಗಜ ಓಡಿಸಿ, ಅಡಿಗೆ ಎಷ್ಟು ಕಾಳು ಬೀಳುತ್ತಿವೆ ಎಂದು ಬಗ್ಗಿ ಎಣಿಸಿ. ಒಂದೂವರೆ ಬಿದ್ದರೆ ಸಾಕು. ಮೊಳಕೆ ಪರೀಕ್ಷೆ ಮಾಡಿದ ಒಳ್ಳೆಯ ಬೀಜವಿದ್ದು ನೆಲದಲ್ಲಿ ಹದವಿದ್ದರೆ ಮೂರಡಿ ಸಾಲಿಗೂ ಎರಡೂವರೆ ಕೆಜಿ ಧಾರಾಳವಾಯಿತು.

ಈಗ ಪಕ್ಕದ ಹೊಲದವರ ಲೆಕ್ಕ. ಐದಡಿ ಸಾಲಿಗೆ ಎಕರೆಯಲ್ಲಿ 8,712 ಅಡಿ ಉದ್ದ ಸಿಗುತ್ತದೆ. ಅಡಿಗೊಂದು ಗಿಡ ಎಂದುಕೊಂಡರೆ 8,700 ಗಿಡ. ಏಳು ಕ್ವಿಂಟಲ್ ಅನ್ನು ಅಷ್ಟು ಗಿಡಕ್ಕೆ ಹಂಚಿದರೆ ಗಿಡಕ್ಕೆ 80 ಗ್ರಾಂ. ಕಾಯಿಗೆ ಮೂರು ಕಾಳಿನಂತೆ ನೋಡಿದರೆ ಒಂದೊಂದು ಗಿಡ 260-270 ಕಾಯಿ ಹೊತ್ತಿತ್ತು. ನಿಮ್ಮ ನಾಲ್ಕೂವರೆ ಕ್ವಿಂಟಲ್ ಅನ್ನು 36,000 ಗಿಡಕ್ಕೆ ಹಂಚಿ: ಗಿಡಕ್ಕೆ ಹನ್ನೆರಡೂವರೆ ಗ್ರಾಂ, ನಲವತ್ತು ಚಿಲ್ಲರೆ ಕಾಯಿ. ಅವರಿಗಿಂತ ನಾಲ್ಕು ಪಟ್ಟು ಗಿಡ ನಿಮ್ಮಲ್ಲಿತ್ತು, ಪ್ರತಿ ಗಿಡದಲ್ಲಿ ಆರನೇ ಒಂದು ಪಾಲು ಕಾಯಿ ಇತ್ತು.

ಏಕೆ ಹೀಗಾಗುತ್ತದೆ? ತೊಗರಿಯ ಕಾಯಿ ಹೆಚ್ಚಾಗಿ ನಿಲ್ಲುವುದು ಪಕ್ಕದ ಕೊಂಬೆ, ಕೊಂಬೆಯ ಕೊಂಬೆಗಳ ಮೇಲೆ. ಸಸಿ ಎರಡು ತಿಂಗಳು ಬಲು ನಿಧಾನ, ನೋಡಿದರೆ ಬೇಸರ ಬರುವಷ್ಟು. ಆ ಕಾಲದಲ್ಲಿ ಬುಡದ ಕಣ್ಣುಗಳಿಗೆ ಬೆಳಕು ಬಿದ್ದರೆ ಅಲ್ಲಿಂದ ಕೊಂಬೆ ಒಡೆಯುತ್ತದೆ. ಪಕ್ಕದಲ್ಲೇ ಇನ್ನೊಂದು ಗಿಡ ನಿಂತಿದ್ದರೆ ನೆರಳು ತಪ್ಪಿಸಿಕೊಳ್ಳಲು ಮೇಲಕ್ಕೆ ಓಡುತ್ತದೆ. ನೀವು ‘ಎದೆಮಟ್ಟ ದಾಟಿ ಕಪ್ಪಗೆ’ ಎಂದು ಬರೆದಿರಿ. ರಸ್ತೆಯಲ್ಲಿ ಹೋಗುವವರು ಬೆಳೆ ಚೆನ್ನಾಗಿದೆ ಎಂದಿರುತ್ತಾರೆ. ಒಳಗೆ ಹೊಕ್ಕು ಬಗ್ಗಿ ನೋಡಿದ್ದರೆ ಮೊಣಕಾಲಿನಿಂದ ಕೆಳಗೆ ಬರೀ ಕಡ್ಡಿ, ನೆಲದ ತುಂಬ ಹಳದಿ ಎಲೆ ಕಾಣುತ್ತಿತ್ತು. ಅಂಥ ಗಿಡದಲ್ಲಿ ಹೂವು ಬಿಡುವ ಜಾಗವೇ ತುದಿಯ ಒಂದೂವರೆ ಅಡಿ.

ಹಾಗೆಂದು ಅಗಲಿಸಿದಷ್ಟೂ ಲಾಭವೆಂದು ತಿಳಿಯಬೇಡಿ. ಸಸಿ ನಾಟಿ ಮಾಡುವ ತೊಗರಿಯಲ್ಲಿ, ಬೀದರ್ ಕಡೆ ಮಾಡುವಂತೆ, ಪಾಲಿಥಿನ್ ಚೀಲದಲ್ಲಿ ಸಸಿ ಬೆಳೆಸಿ ಐದಡಿ ಸಾಲಿನಲ್ಲಿ ಮೂರಡಿಗೊಂದು ಗಿಡ ನೆಟ್ಟರೆ ಎಕರೆಗೆ 2,904 ಗಿಡ ಮಾತ್ರ. ಅಲ್ಲಿ ಆರೂವರೆ ಕ್ವಿಂಟಲ್ ಬರಬೇಕೆಂದರೂ ಪ್ರತಿ ಗಿಡ 700ಕ್ಕೂ ಹೆಚ್ಚು ಕಾಯಿ ಹೊರಬೇಕು. ಮೇ ತಿಂಗಳಲ್ಲೇ ಸಸಿಗೆ ಒಂದು ತಿಂಗಳ ಮುಂಗಡ ಸಿಕ್ಕಿರುತ್ತದೆ, ಕುಡಿ ಚಿವುಟಿರುತ್ತಾರೆ, ಬಹಳ ಕಡೆ ಹನಿ ನೀರೂ ಇರುತ್ತದೆ, ಆದ್ದರಿಂದ ಹೊರುತ್ತದೆ. ಅದೇ ಅಂತರವನ್ನು ಮಳೆ ನಂಬಿದ ತೆಳು ಮಣ್ಣಿನ ಹೊಲಕ್ಕೆ ತಂದರೆ ಗಿಡಗಳ ನಡುವೆ ಜಾಗ ಉಳಿಯುತ್ತದೆ, ಆ ಜಾಗಕ್ಕೆ ಹಬ್ಬುವ ಶಕ್ತಿ ಗಿಡಕ್ಕಿರುವುದಿಲ್ಲ.

ಅಂತರ ನಿಶ್ಚಯಿಸಲು ನಾನು ಮೊದಲು ಕೇಳುವುದು ಗರಸು (ಮಣ್ಣಿನ ಕೆಳಗಿನ ಕಲ್ಲು ಬೆರೆತ ಗಟ್ಟಿ ಪದರ) ಎಷ್ಟು ಅಡಿಗೆ ಸಿಗುತ್ತದೆ ಎಂದು. ಹೊಲದ ಎರಡು ಮೂರು ಕಡೆ ಗುಂಡಿ ತೋಡಿ ನೋಡಿ. ಮೂರಡಿಗೂ ಕೆಳಗೆ ಕರಿಮಣ್ಣೇ ಇದ್ದರೆ ಅದು ಚಿತ್ತಿ, ಸ್ವಾತಿ ಮಳೆಯ ನೀರನ್ನು ಹಿಡಿದಿಟ್ಟುಕೊಂಡು ನವೆಂಬರ್‌ನಲ್ಲೂ ಗಿಡಕ್ಕೆ ಕುಡಿಸುತ್ತದೆ. ಅಲ್ಲಿ ಗಿಡ ಪೊದೆಯಾಗುತ್ತದೆ, ಅಗಲ ಕೊಡಬೇಕು. ಒಂದೂವರೆ ಅಡಿಗೇ ಗರಸು ಬಂದರೆ ನೀವು ಹತ್ತಡಿ ಬಿಟ್ಟರೂ ಗಿಡ ಸೊಂಟದೆತ್ತರ ದಾಟುವುದಿಲ್ಲ. ಅಲ್ಲಿ ಮೂರಡಿ ಸಾಲು, ಮುಕ್ಕಾಲು ಅಡಿಯಿಂದ ಒಂದಡಿಗೆ ಗಿಡ, ಬೇಗ ಬರುವ ತಳಿ. ಬಡ ಮಣ್ಣಿಗೆ ಹತ್ತಿರ, ಬಲ ಮಣ್ಣಿಗೆ ದೂರ. ಬಹಳ ಜನ ಇದನ್ನು ತಿರುಗುಮುರುಗು ಮಾಡುತ್ತಾರೆ, ‘ನೆಲ ಚೆನ್ನಾಗಿದೆ, ನಾಲ್ಕು ಗಿಡ ಹೆಚ್ಚಿಗೆ ಇರಲಿ’ ಎನ್ನುತ್ತಾರೆ.

ಎರಡನೆಯದು ಬಿತ್ತುವ ದಿನ. ತೊಗರಿ ಹಗಲಿನ ಉದ್ದ ನೋಡಿ ಹೂ ಬಿಡುವ ಬೆಳೆ. ಹಗಲು ಕುಗ್ಗುತ್ತಾ ಬಂದಂತೆ, ಗಿಡ ದೊಡ್ಡದಾಗಲಿ ಚಿಕ್ಕದಾಗಲಿ, ಹೂವಿಗೆ ಹೊರಳುತ್ತದೆ. ಜೂನ್ ಮೊದಲಿಗೆ ಬಿತ್ತಿದ್ದಕ್ಕೆ ಹಬ್ಬಲು ಕಾಲ ಸಿಗುತ್ತದೆ, ಆಗಸ್ಟ್‌ಗೆ ಬಿತ್ತಿದ್ದಕ್ಕೆ ಸಿಗುವುದಿಲ್ಲ. ಮಳೆ ತಡವಾಗಿ ಜುಲೈ ಕೊನೆಗೆ ಬಿತ್ತುವಂತಾದರೆ ಐದಡಿಯ ಮಾತು ಬಿಟ್ಟುಬಿಡಿ, ಎರಡು ಎರಡೂವರೆ ಅಡಿಗೆ ಇಳಿಯಿರಿ. ತಳಿಯದೂ ಹೀಗೆಯೇ. ಬಿಎಸ್‌ಎಂಆರ್-736, ಆಶಾದಂಥವು ಹೆಚ್ಚು ದಿನ ತೆಗೆದುಕೊಂಡು ಹೆಚ್ಚು ಹರಡುತ್ತವೆ. ನಿಮ್ಮ ಟಿಎಸ್-3ಆರ್ ಅವಕ್ಕೆ ಹೋಲಿಸಿದರೆ ಬೇಗ ಮುಗಿಯುವ ತಳಿ. ಪಕ್ಕದವರು ಹಾಕಿದ್ದು ಯಾವ ತಳಿ, ಯಾವ ವಾರ ಬಿತ್ತಿದರು, ಅವರ ಹೊಲ ಹಳ್ಳದ ದಂಡೆಗೆ ಇದೆಯೇ, ಇಷ್ಟನ್ನು ಕೇಳದೆ ಅವರ ಐದಡಿಯನ್ನು ಮಾತ್ರ ಎತ್ತಿಕೊಂಡು ಬರಬೇಡಿ.

ಅಗಲ ಸಾಲಿನ ದೊಡ್ಡ ತಾಪತ್ರಯ ಕಳೆ. ಮೊದಲ ಐವತ್ತು ದಿನ ಆ ಖಾಲಿ ಜಾಗಕ್ಕೆಲ್ಲ ಕಸವೇ ಒಡೆಯ. ನಮ್ಮ ಹಿರಿಯರು ಅಲ್ಲಿ ಹೆಸರು, ಉದ್ದು, ಎಳ್ಳು, ಸಜ್ಜೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ಹೆಸರು ಅರವತ್ತೈದು ಎಪ್ಪತ್ತು ದಿನಕ್ಕೆ ಬಂದು ಹೋಗುತ್ತದೆ, ತೊಗರಿ ಕೈಕಾಲು ಚಾಚುವುದು ಆಮೇಲೆಯೇ. ಐದಡಿ ಬಿಟ್ಟರೆ ನಡುವೆ ಎರಡು ಸಾಲು ಹೆಸರು ಇರಲಿ. ಇಲ್ಲವೆಂದರೆ ಎರಡು ಮೂರು ಸಲ ಎಡೆ ಹೊಡೆಯಲೇಬೇಕು (ಸಾಲಿನ ನಡುವೆ ಕುಂಟೆ ಆಡಿಸಿ ಕಳೆ ತೆಗೆಯಬೇಕು). ಇನ್ನೊಂದು ಅನುಕೂಲವನ್ನು ನೀವೇ ಕಾಣುತ್ತೀರಿ: ಕಾಯಿಕೊರಕ ಬಿದ್ದಾಗ ಗಿಡ ಅಲುಗಾಡಿಸಿ ಕೀಡೆ ಉದುರಿಸುವುದು ಕಲಬುರಗಿ ಸೀಮೆಯವರಿಗೆ ಹೊಸದೇನಲ್ಲ. ಸಾಲಿನ ನಡುವೆ ಪ್ಲಾಸ್ಟಿಕ್ ಹಾಳೆ ಎಳೆದುಕೊಂಡು ಇಬ್ಬರು ನಡೆಯಲು ಜಾಗ ಬೇಕಲ್ಲ. ನಿಮ್ಮ ಹೋದ ವರ್ಷದ ಹೊಲದಲ್ಲಿ ನಾಯಿಯೂ ನುಸುಳುತ್ತಿರಲಿಲ್ಲ.

ಕುಡಿ ಚಿವುಟುವುದನ್ನು ಅಂತರದ ಜೊತೆಗೇ ಹೇಳಿಬಿಡುತ್ತೇನೆ. ನಲವತ್ತೈದು ಐವತ್ತು ದಿನಕ್ಕೆ ತುದಿಯ ಎರಡು ಇಂಚು ತೆಗೆದರೆ ಪಕ್ಕದ ಕಣ್ಣುಗಳು ಒಡೆಯುತ್ತವೆ. ಅಡಿಗೊಂದು ಗಿಡವಿರುವ ಅಗಲ ಸಾಲಿನಲ್ಲಿ ಇದಕ್ಕೆ ಅರ್ಥವಿದೆ. ಐದು ಇಂಚಿಗೊಂದು ಗಿಡವಿರುವ ಕಡೆ ಚಿವುಟಿದರೆ ಕೂಲಿ ದಂಡ.

ಇನ್ನು ಎಲೆಯ ಮೇಲಿನ ಗೊಬ್ಬರ. ಇದರ ಬಗ್ಗೆ ಅಂಗಡಿಯಲ್ಲಿ ಕೇಳಿದ್ದೆಲ್ಲ ಪಕ್ಕಕ್ಕಿಟ್ಟು ಮೊದಲು ತೂಕ ನೋಡಿ. ಎಂಟು ಕ್ವಿಂಟಲ್ ತೊಗರಿ ಕಾಳಿನಲ್ಲಿ 28 ಕೆಜಿಯಷ್ಟು ಸಾರಜನಕ ಇರುತ್ತದೆ. ಶೇ. 2ರ ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್ ಗೊಬ್ಬರ) ದ್ರಾವಣವನ್ನು ಎಕರೆಗೆ 200 ಲೀಟರ್ ಹೊಡೆದರೆ ಹೋಗುವುದು 4 ಕೆಜಿ ಡಿಎಪಿ. ಅದರಲ್ಲಿ ಸಾರಜನಕ 720 ಗ್ರಾಂ, ರಂಜಕ 1.84 ಕೆಜಿ. ಮೊದಲು ಬಂದ ಶೇ. 4ರ ನ್ಯಾನೋ ಯೂರಿಯಾದ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 20 ಗ್ರಾಂ ಸಾರಜನಕ. ಬೆಳೆಯ ಹೊಟ್ಟೆ ತುಂಬಿಸುವುದು ಬೇರು, ಗಾಳಿಯ ಸಾರಜನಕ ಹಿಡಿದುಕೊಡುವ ಬೇರಿನ ಗಂಟು, ಬಿತ್ತುವಾಗ ಕೊಟ್ಟ ಗೊಬ್ಬರ. ನಮ್ಮಲ್ಲಿ ಎಕರೆಗೆ 10 ಕೆಜಿ ಸಾರಜನಕ, 20 ಕೆಜಿ ರಂಜಕ ಎನ್ನುವ ಶಿಫಾರಸಿದೆ. ಒಂದು ಚೀಲ ಡಿಎಪಿ ಹೆಚ್ಚುಕಡಿಮೆ ಅದನ್ನು ಮುಟ್ಟಿಸುತ್ತದೆ. ಜೊತೆಗೆ ಬೀಜಕ್ಕೆ ಆ ಗಂಟು ಕಟ್ಟಿಸುವ ರೈಜೋಬಿಯಂ ಜೀವಾಣುವಿನ ಲೇಪ. ಇದನ್ನು ಬಿಟ್ಟು ಸಿಂಪರಣೆಯನ್ನೇ ನಂಬುವುದು, ಊಟ ಬಿಟ್ಟು ಉಪ್ಪಿನಕಾಯಿ ನೆಕ್ಕಿದ ಹಾಗೆ.

ಆದರೂ ಅಷ್ಟು ಚೂರು ಗೊಬ್ಬರ ಕೆಲಸ ಮಾಡುತ್ತದೆ, ಸರಿಯಾದ ವಾರ ಬಿದ್ದರೆ. ಹೂವು ಕಾಯಿಯಾಗುವ ಕಾಲಕ್ಕೆ ತೊಗರಿಯ ಒಳಗೆ ಏನಾಗುತ್ತದೆ ನೋಡಿ. ಗಿಡ ಮಾಡಿದ ಸಕ್ಕರೆಯೆಲ್ಲ ಕಾಯಿಗೆ ಹರಿಯಲು ಶುರುವಾಗುತ್ತದೆ, ಬೇರಿನ ಗಂಟಿಗೆ ಊಟ ಕಡಿಮೆಯಾಗಿ ಅದರ ಸಾರಜನಕ ತಯಾರಿಕೆ ಕುಗ್ಗುತ್ತದೆ. ಅದೇ ಹೊತ್ತಿಗೆ ಎರೆಯ ಮೇಲ್ಪದರ ಒಣಗಿ ಬಿರುಕು ಬಿಡಲು ತೊಡಗುತ್ತದೆ. ಗೊಬ್ಬರ ಇರುವುದು ಆ ಒಣ ಪದರದಲ್ಲಿ, ನೀರು ಇರುವುದು ಕೆಳಗೆ. ಬೇರು ನೀರು ಕುಡಿಯುತ್ತದೆ, ಗೊಬ್ಬರ ಸಿಗುವುದಿಲ್ಲ. ಆ ಎರಡು ಮೂರು ವಾರದ ಸಂದಿಗೆ ಎಲೆಯ ಮೇಲಿಂದ ಒಂದು ತುತ್ತು ಕೊಡುವುದೇ ಈ ಸಿಂಪರಣೆಯ ಉದ್ದೇಶ.

ತೊಗರಿಯಲ್ಲಿ ನೂರು ಹೂವಿಗೆ ಎಂಬತ್ತಕ್ಕೂ ಹೆಚ್ಚು ಉದುರುವುದು ಗಿಡದ ಸ್ವಭಾವ. ನೆಲದ ಮೇಲೆ ಹಳದಿ ಹೂವಿನ ಹಾಸು ಕಂಡು ಗಾಬರಿಯಾಗಿ ಅಂಗಡಿಗೆ ಓಡಬೇಡಿ. ನೂರಕ್ಕೆ ಹತ್ತು ಕಾಯಾಗುವಲ್ಲಿ ಹನ್ನೊಂದಾದರೆ ಸಾಕು, ಅದೇ ಲಾಭ. ಮೂರಡಿಗೆ ಒಂದಡಿಯಂತೆ 15,000 ಗಿಡವಿದ್ದು, ಗಿಡಕ್ಕೆ 150 ಕಾಯಿ ಇದ್ದಲ್ಲಿ 165 ನಿಂತರೆ ಎಕರೆಗೆ 67 ಕೆಜಿ ಕಾಳು ಹೆಚ್ಚು. ಡಿಎಪಿ ಚೀಲ 1,350 ರೂಪಾಯಿಯಂತೆ 4 ಕೆಜಿಗೆ ನೂರ ಹತ್ತು ರೂಪಾಯಿಯೂ ಆಗುವುದಿಲ್ಲ, ಸಿಂಪಡಿಸುವ ಕೂಲಿಯೇ ಅದಕ್ಕಿಂತ ಹೆಚ್ಚು. ಆದರೆ ಕೊಂಬೆಯೇ ಇಲ್ಲದ, ತುದಿಯಲ್ಲಷ್ಟೇ ಹೂವಿರುವ ಗಿಡದಲ್ಲಿ ಆ ಹತ್ತನೇ ಒಂದು ಪಾಲು ಎಂದರೆ ನಾಲ್ಕೇ ಕಾಯಿ. ಒಂದೇ ಡಬ್ಬಿಯ ಔಷಧ ನಿಮ್ಮ ಹೊಲದಲ್ಲೊಂದು, ಪಕ್ಕದ ಹೊಲದಲ್ಲೊಂದು ಫಲ ಕೊಟ್ಟಂತೆ ಕಾಣುವುದು ಇದಕ್ಕೇ. ಜೊತೆಗೆ ದಟ್ಟ ಸಾಲಿನಲ್ಲಿ ಹನಿ ಮೇಲಿನ ಎಲೆಗಷ್ಟೇ ತಾಗುತ್ತದೆ, ಒಳಗಿನ ಎಲೆಗೆ ಇಳಿಯುವುದಿಲ್ಲ. ಗೊಬ್ಬರಕ್ಕೂ ಅಷ್ಟೇ, ಕೀಟನಾಶಕಕ್ಕೂ ಅಷ್ಟೇ.

ಇನ್ನು ನೀವು ಮಾಡಿದ ಮೂರು ಸಿಂಪರಣೆ. ತಿಂಗಳ ಸಸಿಗೆ ಹೊಡೆದದ್ದು ಬಹುಪಾಲು ನೆಲಕ್ಕೆ ಬಿದ್ದಿದೆ, ಮೂರಡಿ ಸಾಲಿನಲ್ಲಿ ಆಗ ಎಲೆ ಮುಚ್ಚಿದ್ದು ಒಂದು ಗೇಣು ಇದ್ದೀತು. ಎರಡು ತಿಂಗಳಿಗೆ ಹೊಡೆದದ್ದು ಎಲೆಗೆ ತಾಗಿದೆ, ಆದರೆ ಆಗ ಬೇರಿನ ಗಂಟು ತುಂಬು ಕೆಲಸದಲ್ಲಿತ್ತು, ಗಿಡಕ್ಕೆ ಹಸಿವಿರಲಿಲ್ಲ. ಮೊದಲೇ ಮೇಲಕ್ಕೆ ಓಡುತ್ತಿದ್ದ ಗಿಡಕ್ಕೆ ಸಾರಜನಕ ಕೊಟ್ಟು ಇನ್ನಷ್ಟು ಓಡಿಸಿದಿರಿ. ಮೂರನೆಯದೊಂದೇ ಕಾಲಕ್ಕೆ ಬಿದ್ದದ್ದು.

ಈ ಸಲ ಎರಡು ಸಾಕು. ಹೊಲದಲ್ಲಿ ಅರ್ಧದಷ್ಟು ಗಿಡ ಹೂವಿಗೆ ಬಂದಾಗ ಒಂದು, ಹದಿನೈದು ದಿನ ಬಿಟ್ಟು ಇನ್ನೊಂದು. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಈ ಕೆಲಸಕ್ಕೆಂದೇ ಮಾಡಿದ್ದು. ರಂಜಕ ಹೆಚ್ಚು, ಸಾರಜನಕ ಕಡಿಮೆ, ಜೊತೆಗೆ ಲಘು ಪೋಷಕಾಂಶ, ಹೂವು ಉದುರುವುದನ್ನು ತಗ್ಗಿಸುವ ಪ್ರಚೋದಕವೂ ಇದೆ. ಎಕರೆಗೆ 2 ಕೆಜಿ, ಲೀಟರ್‌ಗೆ 10 ಗ್ರಾಂನಂತೆ 200 ಲೀಟರ್ ನೀರಿನಲ್ಲಿ. ಅದು ಸಿಗದಿದ್ದರೆ ಶೇ. 2ರ ಡಿಎಪಿಯೇ ಸೈ. 4 ಕೆಜಿ ಡಿಎಪಿಯನ್ನು ಹಿಂದಿನ ಸಂಜೆ 20 ಲೀಟರ್ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ತಳದಲ್ಲಿ ಬೂದುಬಣ್ಣದ ಗಸಿ ಕೂತಿರುತ್ತದೆ, ಕಲಕದೆ ಮೇಲಿನ ತಿಳಿಯನ್ನು ಹಳೇ ಧೋತರದಲ್ಲಿ ಸೋಸಿ 200 ಲೀಟರ್‌ಗೆ ಕೂಡಿಸಿ. ಆತುರಕ್ಕೆ ಬಿದ್ದು ಹರಳನ್ನು ನೇರವಾಗಿ ಪಂಪಿಗೆ ಹಾಕಿದರೆ ಅರ್ಧ ದಿನ ನಾಜಲ್ ಬಿಚ್ಚುವುದರಲ್ಲೇ ಹೋಗುತ್ತದೆ.

200 ಲೀಟರ್ ಎಂದರೆ 16 ಲೀಟರ್ ಪಂಪಿನಲ್ಲಿ ಹನ್ನೆರಡೂವರೆ ಪಂಪು. ಇದನ್ನು ಒತ್ತಿ ಹೇಳಲು ಕಾರಣವಿದೆ. ಆರೇಳು ಪಂಪಿಗೆ ಎಕರೆ ಮುಗಿಸುವುದು ನಮ್ಮ ರೂಢಿ. ಆಗ ಲೀಟರ್‌ಗೆ ಅಷ್ಟೇ ಗೊಬ್ಬರ ಹಾಕಿದರೆ ಅರ್ಧ ಡೋಸ್ ಆಯಿತು, ಎಕರೆಯ ಪೂರ್ತಿ ಗೊಬ್ಬರವನ್ನು ಆ ಆರು ಪಂಪಿಗೇ ಹಂಚಿದರೆ ಎಲೆಯಂಚು ಸುಡಬಹುದು. ತೊಗರಿ ಎಲೆಯ ಮೇಲೆ ಸಣ್ಣ ರೋಮ ಇರುತ್ತದೆ, ಹನಿ ಮುತ್ತಿನಂತೆ ನಿಂತು ಜಾರಿಹೋಗುತ್ತದೆ. ಲೀಟರ್‌ಗೆ ಅರ್ಧ ಮಿಲಿಯಷ್ಟು ಅಂಟು ದ್ರಾವಣ ಸೇರಿಸಿ. ಬೆಳಗಿನ ಮಂಜು ಆರಿದ ಮೇಲೆ, ಬಿಸಿಲು ಏರುವ ಮುಂಚೆ ಹೊಡೆಯಿರಿ, ಇಲ್ಲವೇ ಸಂಜೆ ನಾಲ್ಕರ ಮೇಲೆ. ಮಧ್ಯಾಹ್ನ ಎಲೆ ಬಾಡಿ ಮಡಚಿಕೊಂಡಿರುವಾಗ ಹೊಡೆದದ್ದು ಒಳಗೆ ಹೋಗುವುದಿಲ್ಲ, ಮೇಲೆಯೇ ಒಣಗಿ ಉಪ್ಪಿನ ಕಲೆಯಾಗುತ್ತದೆ. ಹೂವಿನ ಕಾಲಕ್ಕೆ ಜೇನು ಬರುತ್ತವೆ, ಕೀಟನಾಶಕವೂ ಜೊತೆಗಿದ್ದರೆ ಸಂಜೆಯ ಹೊತ್ತೇ ವಾಸಿ.

ಒಂದು ಎಡವಟ್ಟು ನನ್ನದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರ ಹೊಲದಲ್ಲಿ ಡಿಎಪಿ ತಿಳಿಯ ಡ್ರಮ್ಮಿಗೆ ಸತುವಿನ ಸಲ್ಫೇಟನ್ನೂ ಸುರಿದೆ, ಒಂದೇ ಸಿಂಪರಣೆಯಲ್ಲಿ ಎರಡು ಕೆಲಸವಾಗಲಿ ಎಂದು. ಕ್ಷಣದಲ್ಲಿ ನೀರು ಮಜ್ಜಿಗೆಯಂತೆ ಒಡೆಯಿತು. ರಂಜಕವೂ ಸತುವೂ ಕೂಡಿ ಕರಗದ ಉಪ್ಪಾಗಿ ತಳಕ್ಕೆ ಕೂತಿತ್ತು. ಆ ರೈತರು ಏನೂ ಅನ್ನದೆ ಡ್ರಮ್ಮನ್ನು ಬೇವಿನ ಗಿಡದ ಬುಡಕ್ಕೆ ಬಗ್ಗಿಸಿದರು. ಅಂದಿನಿಂದ ಏನನ್ನೇ ಬೆರೆಸುವ ಮುಂಚೆ ಒಂದು ಗಾಜಿನ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಸ್ವಲ್ಪ ಬೆರೆಸಿ ಕಾಲು ಗಂಟೆ ಇಟ್ಟು ನೋಡುತ್ತೇನೆ. ನೀವೂ ನೋಡಿ, ಅದರಲ್ಲೂ ನಿಮ್ಮ ಬಾವಿ ನೀರು ಗಡಸಾಗಿದ್ದರೆ. ಸುಣ್ಣದ ಹರಳಿರುವ ಎರೆಯಲ್ಲಿ ಎಳೆ ಎಲೆ ಬೆಳ್ಳಗಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಅದಕ್ಕೆ ಶೇ. 0.5ರ ಫೆರಸ್ ಸಲ್ಫೇಟನ್ನು ಚಿಟಿಕೆ ನಿಂಬೆಹುಳಿ ಪುಡಿ ಸೇರಿಸಿ ಬೇರೆಯೇ ದಿನ ಹೊಡೆಯಬೇಕು.

ಡ್ರೋನ್ ಬಗ್ಗೆ. ಕೀಟನಾಶಕಕ್ಕೆ ಅದು ಒಳ್ಳೆಯ ಸಾಧನ, ಎದೆಯೆತ್ತರದ ತೊಗರಿಯಲ್ಲಿ ನುಗ್ಗುವ ಕಷ್ಟ ತಪ್ಪುತ್ತದೆ. ಆದರೆ ಡ್ರೋನ್ ಎಕರೆಗೆ ಒಯ್ಯುವುದು ಹತ್ತು ಲೀಟರ್ ನೀರಿನ ಆಸುಪಾಸು. 4 ಕೆಜಿ ಡಿಎಪಿಯನ್ನು ಹತ್ತು ಲೀಟರ್‌ಗೆ ಕರಗಿಸಿದರೆ ಶೇ. 40ರ ದ್ರಾವಣ, ಅದು ಗೊಬ್ಬರವಾಗಿ ಉಳಿಯುವುದಿಲ್ಲ, ಎಲೆ ಸುಡುವ ಉಪ್ಪು ನೀರಾಗುತ್ತದೆ. ಪಲ್ಸ್ ಮ್ಯಾಜಿಕ್‌ನ 2 ಕೆಜಿ ಕೂಡ ಅಷ್ಟು ನೀರಿಗೆ ಹೆಚ್ಚೇ. ಸುಡದಷ್ಟು ತೆಳ್ಳಗೆ ಮಾಡಿದರೆ ಎಕರೆಗೆ ಹೋಗುವ ಗೊಬ್ಬರ ಲೆಕ್ಕಕ್ಕೇ ಇಲ್ಲ. ಗೊಬ್ಬರದ ಎರಡು ಸಿಂಪರಣೆಯನ್ನು ಬೆನ್ನುಪಂಪಿನಲ್ಲೋ ಟ್ರ್ಯಾಕ್ಟರ್ ಪಂಪಿನಲ್ಲೋ ಮುಗಿಸಿ. ಐದಡಿ ಸಾಲು ಬಿಟ್ಟ ಕಡೆ ಹೊಕ್ಕು ಹೊಡೆಯುವುದು ಕಷ್ಟವೂ ಆಗುವುದಿಲ್ಲ.

ಸಿಂಪರಣೆಯಿಂದ ಆಗದ ಕೆಲಸವನ್ನೂ ಹೇಳಬೇಕು. 2022ರ ಮುಂಗಾರಿನ ತೊಗರಿಗೆ ನಿಮ್ಮ ಕಡೆಯೆಲ್ಲ ನೆಟೆ ರೋಗ ಬಿದ್ದು ಗಿಡ ನಿಂತಲ್ಲೇ ಒಣಗಿದ್ದು ನಿಮಗೆ ನೆನಪಿದ್ದೇ ಇರುತ್ತದೆ. ಆಗ ಗಿಡ ಹಳದಿಯಾಗಿದ್ದನ್ನು ಕಂಡು ಗೊಬ್ಬರದ ಕೊರತೆಯೆಂದು ತಿಳಿದು ಎಲೆಗೆ ಸಿಂಪಡಿಸಿದವರು ಬಹಳ. ನೆಟೆಯ ಶಿಲೀಂಧ್ರ ಇರುವುದು ಮಣ್ಣಿನಲ್ಲಿ, ಅದು ಕಾಂಡದ ನೀರಿನ ಕೊಳವೆಯನ್ನೇ ಕಟ್ಟಿಬಿಡುತ್ತದೆ. ಬುಡದ ಕಾಂಡ ಸೀಳಿ ನೋಡಿ, ಒಳಗೆ ಕಂದು ಗೆರೆ ಕಂಡರೆ ಪಂಪು ಕೆಳಗಿಡಿ. ಅಲ್ಲಿ ಬೇಕಾದದ್ದು ನಿರೋಧಕ ತಳಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಬೀಜೋಪಚಾರ, ಅದೇ ಹೊಲಕ್ಕೆ ವರ್ಷ ವರ್ಷ ತೊಗರಿ ಹಾಕದೆ ಜೋಳಕ್ಕೆ ತಿರುಗಿಸುವುದು.

ಈಗ ನಿಮ್ಮ ಆರು ಎಕರೆ. ಪೂರ್ತಿ ಐದಡಿಗೆ ಹೋಗಬೇಡಿ. ಗುಂಡಿ ತೋಡಿ ನೋಡಿ ಎರೆ ಆಳವಿರುವ ಕಡೆ ಎರಡು ಎಕರೆ ಐದಡಿ ಸಾಲು ಹಿಡಿದು ನಡುವೆ ಹೆಸರು ಹಾಕಿ. ಮೂರು ಎಕರೆ ನಾಲ್ಕಡಿ ಸಾಲು, ಅಡಿಗೊಂದು ಗಿಡ. ನಿಮ್ಮ ತಳಿಗೆ, ನಿಮ್ಮ ಬಿತ್ತನೆ ಕಾಲಕ್ಕೆ ನನ್ನ ಒಲವು ಈ ನಾಲ್ಕಡಿಯ ಕಡೆಗೇ. ಉಳಿದ ಒಂದು ಎಕರೆ ಮೂರಡಿಯಲ್ಲೇ ಇರಲಿ, ಬೀಜ ಮಾತ್ರ ಎರಡೂವರೆ ಕೆಜಿ. ಪ್ರತಿಯೊಂದರಲ್ಲೂ ನಾಲ್ಕು ಸಾಲು ಸಿಂಪರಣೆ ಇಲ್ಲದೆ ಬಿಡಿ, ಗೂಟ ಹೊಡೆದು ಗುರುತು ಹಾಕಿ. ಇಲ್ಲವೆಂದರೆ ಇಳುವರಿ ಬಂದಾಗ ಅದು ಮಳೆಯ ದಯೆಯೋ ಡಬ್ಬಿಯ ದಯೆಯೋ ಗೊತ್ತಾಗುವುದಿಲ್ಲ.

ಗಿಡ ಎಣಿಸಲು ಒಂದು ಹಗ್ಗ ಇಟ್ಟುಕೊಳ್ಳಿ. ಮೂರಡಿ ಸಾಲಿಗೆ ಹದಿನಾಲ್ಕೂವರೆ ಅಡಿ ಉದ್ದದ ಹಗ್ಗ, ನಾಲ್ಕಡಿಗೆ ಹತ್ತಡಿ ಹನ್ನೊಂದು ಇಂಚು, ಐದಡಿಗೆ ಎಂಟಡಿ ಒಂಬತ್ತು ಇಂಚು. ಸಾಲಿನ ಪಕ್ಕದಲ್ಲಿ ಹಾಸಿ ಅದರ ಉದ್ದಕ್ಕೆ ಎಷ್ಟು ಗಿಡ ಇವೆ ಎಣಿಸಿ. ಅಷ್ಟು ಉದ್ದ ಎಕರೆಯ ಸಾವಿರದ ಒಂದು ಭಾಗ. ಹದಿನೈದು ಗಿಡ ಸಿಕ್ಕರೆ ಎಕರೆಗೆ ಹದಿನೈದು ಸಾವಿರ. ಹೊಲದ ಐದಾರು ಕಡೆ ಎಣಿಸಿ ಸರಾಸರಿ ತೆಗೆಯಿರಿ. ಇಪ್ಪತ್ತನೇ ದಿನಕ್ಕೆ ಎಣಿಸಿದರೆ ಕೀಳುವುದಕ್ಕೆ ಇನ್ನೂ ಸಮಯ ಇರುತ್ತದೆ.

ಕೊನೆಗೆ ಕಡಲೆ. ಅದಕ್ಕೆ ಈ ಲೆಕ್ಕ ಪೂರ್ತಿ ಉಲ್ಟಾ ಎನ್ನಬಹುದು. ನೂರು ದಿನದ ಆಸುಪಾಸಿನ ಬೆಳೆ, ಚಳಿಗಾಲದ ತೇವದಲ್ಲೇ ಮುಗಿಯಬೇಕು, ಹಬ್ಬಲು ಪುರುಸೊತ್ತಿಲ್ಲ. ಒಂದಡಿ ಸಾಲು, ನಾಲ್ಕು ಇಂಚಿಗೆ ಗಿಡ, ಎಕರೆಗೆ ಒಂದು ಲಕ್ಷ ಮೂವತ್ತು ಸಾವಿರದ ಸುತ್ತ. ಇಲ್ಲಿ ಗಿಡ ಕಡಿಮೆಯಾದರೆ ನಷ್ಟವೇ, ಒಂದೊಂದು ಖಾಲಿ ಜಾಗವೂ ಬಿರುಕು ಬಿಟ್ಟು ತೇವ ಕಳೆಯುತ್ತದೆ. ಜೆಜಿ-11 ಎಂಬ ದೇಸಿ ತಳಿಯಾದರೆ ಎಕರೆಗೆ 30 ಕೆಜಿಗೆ ಕಡಿಮೆ ಬೇಡ, ಕಾಬೂಲಿ ಕಾಳು ದೊಡ್ಡದು, ತೂಕ ಇನ್ನೂ ಹೆಚ್ಚು ಬೇಕು. ಹೂವಿಗೆ ಒಂದು, ಕಾಯಿ ಕಟ್ಟುವಾಗ ಒಂದು ಸಿಂಪರಣೆ ಇದಕ್ಕೂ ನಡೆಯುತ್ತದೆ, ಆದರೆ ಬೆಳಗಿನ ಜಾವದಲ್ಲಿ ಬೇಡ. ಎಲೆಯ ಮೇಲೆ ಮಂಜು, ಅದರ ಜೊತೆ ಕಡಲೆಯ ಸ್ವಂತ ಹುಳಿ ತೊಟ್ಟಿಕ್ಕುತ್ತಿರುತ್ತದೆ, ನೀವು ಹೊಡೆದದ್ದೂ ಅದರ ಜೊತೆಗೇ ಇಳಿದುಹೋಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಗಿಡ ಮುಟ್ಟಿ ನೋಡಿ, ಅಂಗೈ ಒದ್ದೆಯಾಗದಿದ್ದರೆ ಶುರು ಮಾಡಿ. ಮೂವತ್ತು ಮೂವತ್ತೈದು ದಿನಕ್ಕೆ ಕುಡಿ ಚಿವುಟುವುದನ್ನು ಮಾತ್ರ ಮರೆಯಬೇಡಿ. ಆ ಕೆಲಸಕ್ಕೆ ಆಳು ಹುಡುಕಬೇಕಾಗಿಯೂ ಇಲ್ಲ, ಪಲ್ಯಕ್ಕೆ ಕಡಲೆ ಸೊಪ್ಪು ಇದೆ ಬನ್ನಿ ಎಂದು ಓಣಿಯಲ್ಲಿ ಒಂದು ಮಾತು ಹೇಳಿದರೆ ಸಾಕು.